ಒಂದೇ ಪಕ್ಷದಲ್ಲಿ ಎರಡು ಗ್ರಹಣ: ಮಗನನ್ನು ಕಳಿಸಬಹುದೇ?

ಪ್ರಶ್ನೆ: ನನ್ನ ಮಗ ದೋಹಾದಲ್ಲಿ ಕೆಲಸದಲ್ಲಿದ್ದಾನೆ. ದಸರಾ ರಜೆಗೆ ಬಂದವನು ದೀಪಾವಳಿ ಮುಗಿಸಿಕೊಂಡು ಹೊರಡಬೇಕು. ಅವನದು ಶತಭಿಷಾ ನಕ್ಷತ್ರ, ಕುಂಭ ರಾಶಿ. ಸೆಪ್ಟೆಂಬರ್ 7ರ ಚಂದ್ರಗ್ರಹಣ ಅದೇ ರಾಶಿಯಲ್ಲಿ ಆಯಿತು. ಎರಡೇ ದಿನಕ್ಕೆ ದೋಹಾ ಮೇಲೆ ಇಸ್ರೇಲ್ ದಾಳಿ ಮಾಡಿತು, ಅದೇ ದಿನ ನೇಪಾಳದ ಪ್ರಧಾನಿ ರಾಜೀನಾಮೆ ಕೊಟ್ಟರು. 21ಕ್ಕೆ ಮತ್ತೆ ಸೂರ್ಯಗ್ರಹಣ. ಒಂದೇ ಪಕ್ಷದಲ್ಲಿ ಎರಡು ಗ್ರಹಣ ಬಂದದ್ದು ಮಹಾಭಾರತ ಯುದ್ಧಕ್ಕೆ ಮುಂಚೆ ಮಾತ್ರ, ಇದು ಕಲ್ಕಿ ಬರುವ ಸೂಚನೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಾ ಇದೆ. ನಮ್ಮ ಅತ್ತೆಯವರು ಸರಿಯಾಗಿ ಊಟ ಮಾಡದೆ ಮೊಮ್ಮಗನನ್ನು ಕಳಿಸಬೇಡಿ ಎಂದು ಹಟ ಹಿಡಿದಿದ್ದಾರೆ. ಆ ಗುಂಪಿನಲ್ಲೇ ಒಬ್ಬರು, ದೀಪಾವಳಿ ಅಮಾವಾಸ್ಯೆ ಒಳಗೆ 18,000 ರೂಪಾಯಿ ಹಾಕಿದರೆ ಆನ್‌ಲೈನ್‌ನಲ್ಲಿ ಶಾಂತಿ ಹೋಮ ಮಾಡಿಸುತ್ತೇನೆ ಅಂದಿದ್ದಾರೆ. ಏನು ಮಾಡಲಿ?
– ಒಬ್ಬ ಗೃಹಿಣಿ, ಯಶವಂತಪುರ

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ ತಾಯಿ. ಹಾಕಬೇಡಿ. ಮುಖ ನೋಡದವರು, ಗೋತ್ರ ಕೇಳದವರು, ಗಡುವು ಕೊಟ್ಟು ಹೆದರಿಸಿ ಮಾಡಿಸುವ ಶಾಂತಿಯಿಂದ ಯಾರಿಗೂ ಶಾಂತಿ ಸಿಗುವುದಿಲ್ಲ.

ಇನ್ನು ಗ್ರಹಣದ ಮಾತು. ಭೀಷ್ಮಪರ್ವದ ಮೊದಲಲ್ಲಿ ವ್ಯಾಸರು ಧೃತರಾಷ್ಟ್ರನ ಬಳಿ ಬಂದು ಉತ್ಪಾತಗಳನ್ನು ಹೇಳುವುದು ನಿಜ. ಒಂದೇ ಮಾಸದಲ್ಲಿ, ಹದಿಮೂರು ದಿನದ ಅಂತರದಲ್ಲಿ ಚಂದ್ರನಿಗೂ ಸೂರ್ಯನಿಗೂ ಗ್ರಹಣ ಆದದ್ದು ಅದರಲ್ಲಿ ಒಂದು. ಅಲ್ಲಿ ವಿಶೇಷ ಇರುವುದು ಹದಿಮೂರನೆಯ ದಿನಕ್ಕೆ, ಅಂದರೆ ಪಕ್ಷವೇ ಕುಗ್ಗಿದ್ದಕ್ಕೆ. ಬರೀ ಎರಡು ಗ್ರಹಣ ಹದಿನೈದು ದಿನದಲ್ಲಿ ಬರುವುದು ಹೊಸದೇನಲ್ಲ. 2025ರಲ್ಲೇ ಮಾರ್ಚ್ 14ಕ್ಕೆ ಚಂದ್ರಗ್ರಹಣ, 29ಕ್ಕೆ ಸೂರ್ಯಗ್ರಹಣ ಆಗಿತ್ತು. ಎರಡೂ ನಮಗೆ ಕಾಣಲಿಲ್ಲ, ಹಾಗಾಗಿ ಯಾರೂ ಸುದ್ದಿ ಮಾಡಲಿಲ್ಲ. 2026ರಲ್ಲಿ ಫೆಬ್ರವರಿ 17 ಮತ್ತು ಮಾರ್ಚ್ 3, ಮತ್ತೆ ಆಗಸ್ಟ್ 12 ಮತ್ತು 28. ಹೆಚ್ಚು ಕಡಿಮೆ ಆರು ತಿಂಗಳಿಗೊಮ್ಮೆ ಇವು ಹೀಗೆ ಜೋಡಿಯಾಗಿಯೇ ಬರುತ್ತವೆ. ಇನ್ನೊಂದು ವಿಷಯ: ಸೆಪ್ಟೆಂಬರ್ 21ರ ಸೂರ್ಯಗ್ರಹಣ ಭಾರತಕ್ಕೆ ಕಾಣಲೇ ಇಲ್ಲ. ಕಣ್ಣಿಗೆ ಕಾಣದ ಗ್ರಹಣಕ್ಕೆ ಸ್ನಾನವೂ ಇಲ್ಲ, ವೇಧೆಯೂ ಇಲ್ಲ, ದೋಷವೂ ಇಲ್ಲ ಅಂತ ನಮ್ಮ ನಿರ್ಣಯ.

ದೋಹಾ ದಾಳಿ ಗ್ರಹಣದ ಎರಡು ದಿನಕ್ಕೇ ಆಯಿತಲ್ಲ ಅನ್ನುತ್ತೀರಿ. ಹೌದು, ಸೆಪ್ಟೆಂಬರ್ 9. ಆದರೆ ಜೂನ್ 23ರಂದು ಅದೇ ದೋಹಾ ಹತ್ತಿರದ ಅಲ್ ಉದೈದ್ ಸೇನಾನೆಲೆ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಆಗ ಗ್ರಹಣ ಎಲ್ಲಿತ್ತು? ಹಿಂದಿನದು ಮುಗಿದು ಮೂರು ತಿಂಗಳಾಗಿತ್ತು, ಮುಂದಿನದಕ್ಕೆ ಎರಡೂವರೆ ತಿಂಗಳಿತ್ತು. ಕೂಡಿಬಂದದ್ದನ್ನು ಎಣಿಸಿ ಕೂಡಿಬಾರದ್ದನ್ನು ಬಿಟ್ಟರೆ ಯಾವ ಲೆಕ್ಕವಾದರೂ ಸರಿಹೋಗುತ್ತೆ.

ನಿಮ್ಮ ಅತ್ತೆಯವರಿಗೆ ಎಪ್ಪತ್ತೈದು ದಾಟಿದ್ದರೆ, 1962ರ ಅಷ್ಟಗ್ರಹ ಕೂಟ ನೆನಪಿದೆಯಾ ಅಂತ ಕೇಳಿ ನೋಡಿ. ಆ ಫೆಬ್ರವರಿ 3ರಿಂದ 5ರವರೆಗೆ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಎಂಟೂ ಮಕರ ರಾಶಿಯಲ್ಲಿ ಸೇರಿದ್ದವು. ಜೊತೆಗೆ ಅಮಾವಾಸ್ಯೆ, ಆ ಅಮಾವಾಸ್ಯೆಗೆ ಸೂರ್ಯಗ್ರಹಣ. ಪ್ರಳಯವೇ ಆಗುತ್ತದೆ ಅಂತ ದೇಶದ ಉದ್ದಗಲಕ್ಕೂ ಹೋಮ, ಅಖಂಡ ಭಜನೆ ನಡೆದವು. ಮೂರೂ ದಿನ ಸುಮ್ಮನೆ ಕಳೆದವು. ಅಕ್ಟೋಬರ್ 20ಕ್ಕೆ ಚೀನಾ ಯುದ್ಧ ಶುರುವಾದಾಗ, ‘ನೋಡಿ, ಅಷ್ಟಗ್ರಹದ ಫಲ’ ಅಂತ ತಿರುಗಿಸಿ ಹೇಳಿದವರೂ ಇದ್ದರು. ಎಂಟು ತಿಂಗಳು ವಾಯಿದೆ ಕೊಟ್ಟರೆ ಈ ಭೂಮಿ ಮೇಲೆ ಏನು ತಾನೇ ಆಗುವುದಿಲ್ಲ ಹೇಳಿ. ಆವತ್ತು ಹೆದರಿ ಮದುವೆ ಮುಂದೂಡಿದವರು, ಪ್ರಯಾಣ ನಿಲ್ಲಿಸಿದವರು ಆಮೇಲೆ ಅದನ್ನೇ ನಗುತ್ತಾ ಹೇಳುತ್ತಿದ್ದರು. ಅತ್ತೆಯವರಿಗೆ ನನ್ನ ಮಾತಿಗಿಂತ ಅವರದೇ ನೆನಪು ಹೆಚ್ಚು ಧೈರ್ಯ ಕೊಟ್ಟೀತು.

ಹಾಗಾದರೆ ಭವಿಷ್ಯವಾಣಿ ಅನ್ನುವುದೇ ಸುಳ್ಳಾ ಅಂದರೆ, ಹಾಗೂ ಹೇಳಲಾರೆ. ನಮ್ಮ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷವರ್ಷವೂ ಭರತ ಹುಣ್ಣಿಮೆ ಜಾತ್ರೆಗೆ ಕಾರ್ಣಿಕ ಆಗುತ್ತದೆ. ಉಪವಾಸವಿದ್ದ ಗೊರವಯ್ಯ ಬಿಲ್ಲು ಏರಿ, ಲಕ್ಷಾಂತರ ಜನರನ್ನು ಒಂದೇ ಕೂಗಿಗೆ ಸುಮ್ಮನಾಗಿಸಿ, ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ. ಅಷ್ಟೇ. ಅದರ ಅರ್ಥ ಮಳೆಯೋ ಬೆಳೆಯೋ ರಾಜಕೀಯವೋ ಅಂತ ಜನ ದಾರಿಯುದ್ದಕ್ಕೂ ವಾದ ಮಾಡಿಕೊಂಡು ಹೋಗುತ್ತಾರೆ. ಆದರೆ ಕಾರ್ಣಿಕ ಕೇಳಿದೆ ಅಂತ ಯಾವ ರೈತನೂ ಬಿತ್ತನೆ ನಿಲ್ಲಿಸಿದ್ದಿಲ್ಲ. ದೈವದ ನುಡಿಯನ್ನು ಕೈಮುಗಿದು ಕೇಳುವುದು ಬೇರೆ, ಅದನ್ನು ಹಿಡಿದು ಮನೆಯವರನ್ನು ಹೆದರಿಸುವುದು ಬೇರೆ.

ಈಗ ಕಲ್ಕಿಯ ವಿಷಯ. ಇದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಮೊನ್ನೆ ಗಣೇಶನ ಹಬ್ಬಕ್ಕೆ ಪುರೋಹಿತರು ಕೈಗೆ ಅಕ್ಷತೆ ಕೊಟ್ಟು ಸಂಕಲ್ಪ ಹೇಳಿಸಿದರಲ್ಲ, ಅದರಲ್ಲಿ ‘ಕಲಿಯುಗೇ ಪ್ರಥಮಪಾದೇ’ ಅಂತ ನೀವೇ ಹೇಳಿದ್ದೀರಿ. ಕಲಿಯುಗಕ್ಕೆ ಒಟ್ಟು 4,32,000 ವರ್ಷ. ಮೊದಲ ಪಾದ 1,08,000. 2025ರ ಯುಗಾದಿಯ ಪಂಚಾಂಗದ ಮೊದಲ ಪುಟಗಳಲ್ಲಿ ಗತಕಲಿ ನೋಡಿ, 5126 ಅಂತ ಇರುತ್ತೆ. ಮೊದಲ ಪಾದದಲ್ಲೇ ನೂರಕ್ಕೆ ಐದು ಭಾಗವೂ ಕಳೆದಿಲ್ಲ! ಅದೇ ಸಂಕಲ್ಪದಲ್ಲಿ ಮುಂದೆ ‘ಬೌದ್ಧಾವತಾರೇ’ ಅಂತಲೂ ಬರುತ್ತೆ, ಅಂದರೆ ಈಗ ನಡೆಯುತ್ತಿರುವುದು ಬುದ್ಧಾವತಾರದ ಕಾಲ. ಶಂಭಲ ಗ್ರಾಮದಲ್ಲಿ ವಿಷ್ಣುಯಶಸ್ಸಿನ ಮನೆಯಲ್ಲಿ ಕಲ್ಕಿ ಹುಟ್ಟುವುದು ಕಲಿಯ ಕೊನೆಗೆ ಅಂತ ಭಾಗವತದ ಹನ್ನೆರಡನೇ ಸ್ಕಂಧ ಹೇಳುತ್ತದೆ. ಪೂಜೆಗೆ ಕೂತಾಗ ಒಂದು ಕಾಲ ಹೇಳಿ, ಎದ್ದು ಮೊಬೈಲ್ ನೋಡಿ ಇನ್ನೊಂದು ಕಾಲ ನಂಬಿದರೆ ಆ ಸಂಕಲ್ಪಕ್ಕೆ ಏನರ್ಥ?

ವ್ಯಾಸರ ಮಾತಿಗೆ ಇನ್ನೊಮ್ಮೆ ಬರುತ್ತೇನೆ, ಯಾಕೆಂದರೆ ವಾಟ್ಸಾಪ್‌ನವರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಅವರು ಆ ಶಕುನಗಳನ್ನು ಹಸ್ತಿನಾವತಿಯ ಗೃಹಿಣಿಯರಿಗೆ ಹೇಳಲಿಲ್ಲ, ಯುದ್ಧ ನಿಲ್ಲಿಸುವ ಅಧಿಕಾರ ಇದ್ದ ರಾಜನಿಗೆ ಹೇಳಿದರು. ಮಕ್ಕಳನ್ನು ತಡೆ ಅಂದರು. ಅವನು, ಮಕ್ಕಳು ನನ್ನ ಮಾತು ಕೇಳುವುದಿಲ್ಲ ಅಂದುಬಿಟ್ಟ. ವರಾಹಮಿಹಿರರ ಬೃಹತ್ಸಂಹಿತೆಯಲ್ಲೂ ದಿವ್ಯ, ಅಂತರಿಕ್ಷ, ಭೌಮ ಅಂತ ಉತ್ಪಾತಗಳನ್ನು ವಿಂಗಡಿಸಿ ಹೇಳುವುದು ರಾಜನನ್ನು ಮುಂದಿಟ್ಟುಕೊಂಡೇ. (ಅದೇ ಗ್ರಂಥದಲ್ಲಿ ಅವರು ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣ ಅಂತಲೂ ಸ್ಪಷ್ಟವಾಗಿ ಹೇಳಿದ್ದಾರೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.) ಯಶವಂತಪುರದ ಅಡುಗೆಮನೆಯಿಂದ ಇಸ್ರೇಲನ್ನು ತಡೆಯುವ ಹೊಣೆ ನಿಮಗಿಲ್ಲ ತಾಯಿ. ನಿಮ್ಮ ಹೊಣೆ ನಿಮ್ಮ ಮಗ, ನಿಮ್ಮ ಅತ್ತೆಯವರ ಊಟ.

ಜನ್ಮರಾಶಿಯಲ್ಲೇ ಗ್ರಹಣ ಆದದ್ದರಿಂದ ದಾನ ಮಾಡುವ ಪದ್ಧತಿ ಉಂಟು, ಅದನ್ನು ಬೇಡ ಅನ್ನಲಾರೆ. ಆಗ ಮಾಡಿರದಿದ್ದರೆ ಈಗ ಒಂದು ಸೋಮವಾರ ಮಗನ ಕೈಯಿಂದಲೇ ಚಂದ್ರನಿಗೆ ಅಕ್ಕಿ, ರಾಹುವಿಗೆ ಉದ್ದು, ಎಲೆ ಅಡಿಕೆ, ಶಕ್ತ್ಯಾನುಸಾರ ದಕ್ಷಿಣೆ ಇಟ್ಟು ನಿಮ್ಮ ದೇವಸ್ಥಾನದ ಅರ್ಚಕರಿಗೆ ಕೊಡಿಸಿ. ಅದಕ್ಕೆ ಸಾವಿರ ರೂಪಾಯಿಯೂ ಬೇಕಾಗುವುದಿಲ್ಲ.

ಹೋಗಬೇಕೋ ಬೇಡವೋ ಅನ್ನುವುದು ರಾಶಿಯಿಂದ ತೀರ್ಮಾನವಾಗುವ ಮಾತಲ್ಲ. ಕತಾರ್‌ನಲ್ಲಿ ಎಂಟು ಲಕ್ಷಕ್ಕೂ ಮೇಲ್ಪಟ್ಟು ಭಾರತೀಯರಿದ್ದಾರೆ, ಎಲ್ಲಾ ಹನ್ನೆರಡು ರಾಶಿಯವರೂ! ಅಲ್ಲಿನ ನಮ್ಮ ರಾಯಭಾರ ಕಚೇರಿ ಏನು ಸೂಚನೆ ಕೊಟ್ಟಿದೆ ಅಂತ ಮಗ ನೋಡಲಿ, ಕಂಪನಿಯವರನ್ನು ಕೇಳಲಿ, ತಾನೇ ನಿರ್ಧಾರ ಮಾಡಲಿ. ಹೊರಡುವುದಾದರೆ ಅಳುತ್ತಾ ಕಳಿಸಬೇಡಿ. ಅತ್ತೆಯವರ ಕೈಯಿಂದಲೇ ದೇವರ ಮುಂದೆ ತುಪ್ಪದ ದೀಪ ಹಚ್ಚಿಸಿ, ಹಣೆಗೆ ಕುಂಕುಮ ಇಡಿಸಿ. ಶತಭಿಷಾ ನಕ್ಷತ್ರ ಇಪ್ಪತ್ತೇಳು ದಿನಕ್ಕೊಮ್ಮೆ ಬರುತ್ತೆ. ಆ ದಿನಗಳಲ್ಲಿ ನಿಮ್ಮ ಯಶವಂತಪುರದ ಗಾಯತ್ರಿ ದೇವಸ್ಥಾನಕ್ಕೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ ಅವನ ಹೆಸರಲ್ಲಿ ಅರ್ಚನೆ ಮಾಡಿಸಿ. ಚೀಟಿಯಲ್ಲಿ ಗೋತ್ರ, ನಕ್ಷತ್ರ, ರಾಶಿ ಸರಿಯಾಗಿ ಬರೆದುಕೊಡಿ.