ದಿನದ ಚಿಂತನೆ: ಬೆಳಕು ಹೆಚ್ಚಾದಾಗ



2022ರ ಅಕ್ಟೋಬರ್ 9ರಂದು ಫರ್ಮಿ ಬಾಹ್ಯಾಕಾಶ ದೂರದರ್ಶಕಕ್ಕೆ ಒಂದು ಗಾಮಾ ಕಿರಣ ಸ್ಫೋಟ ಕಂಡಿತು. ಆ ಬೆಳಕು ನಮ್ಮ ತನಕ ಬರಲು ಸುಮಾರು 190 ಕೋಟಿ ವರ್ಷ ಹಿಡಿದಿತ್ತು. ಅದುವರೆಗೆ ದಾಖಲಾದವುಗಳಲ್ಲೇ ಅತಿ ಪ್ರಖರ. ಎಷ್ಟೆಂದರೆ ಎಣಿಸುವ ಉಪಕರಣವೇ ಎಣಿಕೆ ತಪ್ಪಿತು. ಕಿರಣಗಳು ಮೇಲಿಂದ ಮೇಲೆ ಬಿದ್ದಾಗ ಅದು ಎರಡನ್ನು ಒಂದೆಂದು ತಿಳಿಯುತ್ತದೆ, ಕೆಲವನ್ನು ಬಿಟ್ಟೇಬಿಡುತ್ತದೆ.

ಫರ್ಮಿ ತಂಡ ಆ ಸೆಕೆಂಡುಗಳನ್ನು ಗುರುತಿಸಿ, ಈ ಅಂಕಿಗಳನ್ನು ಹಾಗೇ ನೆಚ್ಚಬೇಡಿ ಎಂದು ಎಲ್ಲರಿಗೂ ತಿಳಿಸಿತು. ಇಂಥ ಸ್ಫೋಟ ಸಿಕ್ಕಾಗ ಹಾಗೆ ಹೇಳುವುದು ಸುಲಭವಲ್ಲ ನೋಡಿ. ಆಮೇಲೆ ಸಂಶೋಧಕರು ಆ ಭಾಗ ಬಿಟ್ಟು, ಸುಮಾರು 5 ನಿಮಿಷದ ನಂತರದ ದತ್ತಾಂಶ ನೋಡಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ತಾಗಿ ಅಳಿದಾಗ ಬರುವಂಥ ಗುರುತು ಅಲ್ಲಿ ಸಿಕ್ಕಿತು. 2024ರಲ್ಲಿ ಪ್ರಕಟಿಸಿದರು.

ನಮ್ಮವರ ಮೇಲೆ ದೌರ್ಜನ್ಯವಾದ ಸುದ್ದಿ ಬಂದ ಕೂಡಲೇ ಹೊಟ್ಟೆಯಲ್ಲಿ ಬೆಂಕಿ ಏಳುತ್ತದೆ. ಆ ಸಿಟ್ಟು ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ನಾವು ಕಂಡದ್ದೆಲ್ಲ ನಿಜವೇ? ಕಾಲಾಮ ಸುತ್ತವನ್ನು ನಾವು ಪುರೋಹಿತರ ಮಾತಿಗೆ ಅನ್ವಯಿಸುತ್ತೇವೆ, ನಮ್ಮ ಸಿಟ್ಟಿಗಲ್ಲ.

ಹೋದ ವರ್ಷ ನಾನೇ ಒಂದು ಫೋಟೊ ಫಾರ್ವರ್ಡ್ ಮಾಡಿದೆ. ಊರು ಬೇರೆ, ವರ್ಷ ಬೇರೆ ಎಂದು ಸಂಜೆ ಗೊತ್ತಾಯಿತು. ಡಿಲೀಟ್ ಮಾಡಿ ಸುಮ್ಮನಾದೆ, ತಪ್ಪಾಯಿತು ಎಂದು ಬರೆಯಲಿಲ್ಲ. ವಾರದಲ್ಲೇ ನಿಜವಾದ ಘಟನೆಯೊಂದರ ಸುದ್ದಿ ಬಂತು. "ಇದೂ ಆ ಫೋಟೊದ ಹಾಗೇ ಇರಬೇಕು" ಎಂದು ಒಬ್ಬರು ನಕ್ಕರು. ನನ್ನಲ್ಲಿ ಉತ್ತರ ಇರಲಿಲ್ಲ.

ಆ ಫೋಟೊ ಇನ್ನೂ ಎಷ್ಟು ಫೋನುಗಳಲ್ಲಿದೆಯೋ. ಅದು ತಪ್ಪು ಎಂದು ಇವತ್ತು ಇಲ್ಲೇ ಹೇಳುತ್ತಿದ್ದೇನೆ.