ಯಾರ ಬೆರಳ ತುದಿಯಲ್ಲಿ?

ಜಗತ್ತೆಲ್ಲ ಈಗ ಬೆರಳ ತುದಿಯಲ್ಲಿದೆ ಎನ್ನುವುದು ಒಂದು ರೂಢಿಯ ಮಾತಾಗಿಬಿಟ್ಟಿದೆ. ಶಾಲಾ ವಾರ್ಷಿಕೋತ್ಸವದ ಅತಿಥಿಗಳ ಭಾಷಣದಲ್ಲಿ ಇದು ಬಾರದ ವರ್ಷವೇ ಇಲ್ಲ. ಕೇಳಿದಾಗಲೆಲ್ಲ ನನ್ನೊಳಗೆ ಒಂದು ಅಧಿಕಪ್ರಸಂಗದ ಪ್ರಶ್ನೆ ಏಳುತ್ತದೆ. ಯಾರ ಬೆರಳ ತುದಿಯಲ್ಲಿ?

ಸ್ಮಾರ್ಟ್‌ಫೋನಿನ ಗಾಜಿಗೆ ಒಂದು ಬಗೆಯ ಬೆರಳೇ ಬೇಕು. ಅದು ನೇರವಾಗಿ ಇಳಿಯಬೇಕು, ಒಮ್ಮೆ ಮಾತ್ರ ಮುಟ್ಟಬೇಕು, ಮುಟ್ಟಿದ ಕೂಡಲೇ ಏಳಬೇಕು. ತುಸು ಹೆಚ್ಚು ಹೊತ್ತು ಊರಿದರೆ ಅದಕ್ಕೆ ಬೇರೆ ಅರ್ಥ, ಎರಡು ಸಲ ತಗುಲಿದರೆ ಮತ್ತೊಂದು, ಅತ್ತಿತ್ತ ಜಾರಿದರೆ ಇನ್ನೊಂದು. ಇಂಥ ಬೆರಳು ಇರುವವರಿಗೆ ಈ ಶಿಸ್ತು ಇದೆಯೆಂಬುದೇ ಗೊತ್ತಾಗುವುದಿಲ್ಲ.

ನಮ್ಮ ಅತ್ತೆಯವರಿಗೆ ಎಪ್ಪತ್ತಾರು ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಬಲಗೈ ನಡುಗುತ್ತದೆ. ಇಟ್ಟ ಬೆರಳು ಎತ್ತೆಂದ ಕೂಡಲೇ ಏಳುವುದಿಲ್ಲ. ಲೆಕ್ಕ, ನೆನಪು, ಮಾತು ಮಾತ್ರ ನನಗಿಂತ ಚುರುಕು. ಹಾಲಿನವನಿಗೆ ಯಾವ ತಿಂಗಳು ಎಷ್ಟು ದಿನ ಬೇಡವೆಂದಿದ್ದೆವು ಎಂಬುದು ಅವರಿಗೆ ಬಾಯಿಪಾಠ. ಆದರೆ ಫೋನಿನಲ್ಲಿ ತಂಗಿಯ ಹೆಸರನ್ನು ಮುಟ್ಟಿದರೆ ಕರೆ ಹೋಗುವ ಬದಲು ಏನೇನೋ ಪಟ್ಟಿ ತೆರೆದುಕೊಳ್ಳುತ್ತಿತ್ತು. ಹಣ ಕಳಿಸುವ ಗುಟ್ಟಿನ ಸಂಖ್ಯೆಯಲ್ಲಿ ಒಂದು ನಾಲ್ಕು ಒತ್ತಿದರೆ ಎರಡು ನಾಲ್ಕು ಬೀಳುತ್ತಿದ್ದವು. ಸಂಖ್ಯೆ ತಪ್ಪು ಎಂದು ಫೋನು ತೀರ್ಪು ಕೊಡುತ್ತಿತ್ತು. ಮೂರು ಸಲ ತಪ್ಪಾದರೆ ಆ ದಿನಕ್ಕೆ ಬಾಗಿಲೇ ಮುಚ್ಚುತ್ತದೆ. ಉತ್ತರ ಗೊತ್ತಿರುವ ಮಗುವನ್ನು ಅಕ್ಷರ ಚೆನ್ನಾಗಿಲ್ಲವೆಂದು ನಪಾಸು ಮಾಡಿದ ಹಾಗೆ!

ಹೀಗಾದಾಗ ಮನೆಗಳಲ್ಲಿ ಏನಾಗುತ್ತದೆಂದು ನಿಮಗೂ ಗೊತ್ತು. "ಕೊಡಮ್ಮ ಇಲ್ಲಿ, ನಾನು ಮಾಡ್ಕೊಡ್ತೀನಿ" ಎಂದು ಮಗ ಕೈಚಾಚುತ್ತಾನೆ. ಅವನಿಲ್ಲದಾಗ ಮೊಮ್ಮಗ. ಅದರಲ್ಲಿ ಪ್ರೀತಿಯಿದೆ, ಇಲ್ಲವೆನ್ನಲಾರೆ. ಆದರೆ ಮೊದಲು ಫೋನು ಮಗನ ಕೈಗೆ ಹೋಯಿತು, ಆಮೇಲೆ ಗುಟ್ಟಿನ ಸಂಖ್ಯೆ, ಆಮೇಲೆ ಮೊಮ್ಮಗನಿಗೂ ಅದು ಕಂಠಪಾಠ. ಮಾವನವರ ನಂತರ ಬರುವ ಕುಟುಂಬ ಪಿಂಚಣಿಯಿಂದ ತಂಗಿಯ ಮಗಳಿಗೆ ಐನೂರು ರೂಪಾಯಿ ಕಳಿಸಬೇಕೆಂದರೆ ಅತ್ತೆ ಅದನ್ನು ಇಡೀ ಮನೆಗೆ ಸಾರಬೇಕು. "ಅವಳಿಗ್ಯಾಕೆ, ಹೋದ ತಿಂಗಳು ತಾನೇ ಕೊಟ್ಟಿದ್ರಲ್ಲ?" ಎಂಬ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕು. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಮುಚ್ಚಿಡುತ್ತಿದ್ದುದು ಜಿಪುಣತನದಿಂದಲ್ಲ. ಲೆಕ್ಕ ಒಪ್ಪಿಸಬೇಕಿಲ್ಲದ ನಾಲ್ಕು ಕಾಸು ಹೆಣ್ಣಿಗೆ ಏನೆಂಬುದನ್ನು ವಿವರಿಸಬೇಕೆ? ಆ ಡಬ್ಬಿಯ ಮುಚ್ಚಳ ಈಗ ಗಾಜಿನದು.

ಇದಕ್ಕೆ ಫೋನಿನೊಳಗೇ ಪರಿಹಾರವಿತ್ತು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಒಂದು ಕೋಣೆ. ಅಮೆರಿಕದಲ್ಲಿರುವ ನನ್ನ ನಾದಿನಿ ಕಳಿಸಿದ ಐಪ್ಯಾಡಿನಲ್ಲಿ ಅದರೊಳಗೆ ಟಚ್ ಎಂಬ ಗೂಡು, ಗೂಡಿನಲ್ಲಿ ಟಚ್ ಅಕಾಮಡೇಶನ್ಸ್. 2015ರಿಂದಲೂ ಇದೆಯಂತೆ. ಅಲ್ಲಿ ಹೋಲ್ಡ್ ಡ್ಯುರೇಶನ್ ಎಂದು ಒಂದಿದೆ: ಬೆರಳು ಇಷ್ಟು ಹೊತ್ತು ನಿಂತರೆ ಮಾತ್ರ ಅದನ್ನು ಮುಟ್ಟಿದ್ದೆಂದು ತಿಳಿ, ಹಾಗೇ ತಗುಲಿ ಹೋದದ್ದನ್ನು ಬಿಡು ಎಂದು ಯಂತ್ರಕ್ಕೆ ಹೇಳುವುದು. ಇಗ್ನೋರ್ ರಿಪೀಟ್ ಎಂದು ಇನ್ನೊಂದು: ಬೆನ್ನುಬೆನ್ನಿಗೆ ಬಿದ್ದ ಮುಟ್ಟುಗಳನ್ನೆಲ್ಲ ಒಂದೇ ಎಂದು ಎಣಿಸುವುದು. ನನಗೆ ಬಹಳ ಹಿಡಿಸಿದ್ದು ಮೂರನೆಯದು. ಬೆರಳು ಮೊದಲು ಎಲ್ಲಿ ಬಿತ್ತು ಎಂಬುದನ್ನು ಬಿಟ್ಟು, ಗೊತ್ತುಮಾಡಿದ ಸಮಯದೊಳಗೆ ಕೊನೆಗೆ ಎಲ್ಲಿಂದ ಎದ್ದಿತೋ ಅದನ್ನೇ ಲೆಕ್ಕಕ್ಕೆ ಹಿಡಿಯುವ ಏರ್ಪಾಡು. ಹೊಡೆದುಹಾಕಿ ಮತ್ತೆ ಬರೆದ ಉತ್ತರಕ್ಕೆ ನಾವು ಅಂಕ ಕೊಡುವುದಿಲ್ಲವೆ? ಅತ್ತೆಯವರ ಸ್ಯಾಮ್‌ಸಂಗ್ ಫೋನಿನಲ್ಲಿಯೂ ಹೆಚ್ಚುಕಡಿಮೆ ಇವೇ ಸೌಕರ್ಯಗಳು ಬೇರೆ ಹೆಸರಿನಲ್ಲಿವೆ. ಗುಟ್ಟಿನ ಸಂಖ್ಯೆಯಲ್ಲಿ ಒಂದೇ ಅಂಕ ಎರಡು ಸಲ ಬರುವುದಿದ್ದರೆ ನಡುವೆ ಸ್ವಲ್ಪ ತಡೆದು ಒತ್ತಬೇಕು, ಅಷ್ಟೆ.

ಕಣ್ಣು ಕಾಣದವರಿಗೆ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಎಂಬುವು 2009ರಿಂದಲೇ ಇವೆ. ಒಮ್ಮೆ ಮುಟ್ಟಿದರೆ ಅಲ್ಲಿ ಏನಿದೆಯೆಂದು ಫೋನು ಓದಿ ಹೇಳುತ್ತದೆ. ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ. ಮೊದಲ ಸ್ಪರ್ಶ ಕೇಳಿ ತಿಳಿಯುವುದಕ್ಕೆ. ನಮ್ಮ ಮನೆಗಳಲ್ಲಿಯೂ ಈ ಪದ್ಧತಿ ಬಂದರೆ ಎಷ್ಟೋ ಜಗಳ ಉಳಿದೀತು!

ನಾದಿನಿ ವಿಡಿಯೋ ಕರೆಯಲ್ಲಿ ಒಂದೊಂದಾಗಿ ಹೇಳಿಕೊಟ್ಟಳು. ಅತ್ತೆ, ನಾನು ಕೂತು ಎಲ್ಲವನ್ನೂ ಹೊಂದಿಸಿದೆವು. ಮೊದಲ ತಕರಾರು ಬಂದದ್ದು ಮನೆಯೊಳಗಿಂದಲೇ. ಐಪ್ಯಾಡನ್ನು ಮೊಮ್ಮಗನೂ ಬಳಸುತ್ತಾನೆ. "ಅಜ್ಜಿ, ಇದು ಆಮೆ ಆಗ್ಬಿಟ್ಟಿದೆ" ಎಂದು ಅವನು ರೇಗಿದ. ಅವನ ಸಿಟ್ಟೂ ಸುಳ್ಳಲ್ಲ; ಅಜ್ಜಿಯ ಬೆರಳಿಗೆ ಹೊಂದಿಸಿದ ಗಾಜು ಅವನ ಬೆರಳಿಗೆ ನಿಧಾನ. ಹಾಗಾದರೆ ಯಾರು ಕಾಯಬೇಕು? ಅಲ್ಲಿಯವರೆಗೆ ಕಾಯುತ್ತಿದ್ದವರು ಅಜ್ಜಿಯೊಬ್ಬರೇ, ಮಗ ಬರಲಿ, ಅವನಿಗೆ ಬಿಡುವಾಗಲಿ, ಅವನ ಮನಸ್ಸು ಸರಿಯಿರಲಿ ಎಂದು. ಆ ಕಾಯುವಿಕೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹುಡುಗ ಅರ್ಧ ಕ್ಷಣ ಕಾದದ್ದು ಮಾತ್ರ ಮನೆಗೆಲ್ಲ ಕೇಳಿಸಿತು. ಕೊನೆಗೆ ಒಂದು ಗುಂಡಿಯನ್ನು ಮೂರು ಸಲ ಒತ್ತಿದರೆ ಈ ಸೌಕರ್ಯವನ್ನು ಚಾಲೂ ಮಾಡುವ, ನಿಲ್ಲಿಸುವ ಉಪಾಯವೂ ಅಲ್ಲೇ ಇದೆಯೆಂದು ತಿಳಿದು ಇಬ್ಬರಿಗೂ ಸಮಾಧಾನವಾಯಿತು.

ಎರಡನೆಯ ತಕರಾರು ಇನ್ನೂ ಗಟ್ಟಿಯಾದದ್ದು. "ಈ ವಯಸ್ಸಲ್ಲಿ ಅವರಿಗ್ಯಾಕೆ ಇದೆಲ್ಲ, ಮಾಡಿಕೊಡೋಕೆ ನೀವಿಲ್ವಾ?" ಎಂದರು ಬಂಧುವೊಬ್ಬರು. ಹಿರಿಯರು ಮಕ್ಕಳ ಆಸರೆಯಲ್ಲಿರುವುದು ನಮ್ಮಲ್ಲಿ ಅವಮಾನವಲ್ಲ, ಅದೊಂದು ಸುಖ. ತಾನೇ ಎಲ್ಲವನ್ನೂ ಮಾಡಿಕೊಳ್ಳಬೇಕೆಂಬ ಹಟ ನಮ್ಮದಲ್ಲ ಎಂಬ ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಬೇಕೆಂದಾಗ ಸಿಗುವ ಸೇವೆಗೂ ಬೇಡವೆನ್ನಲು ಆಗದ ಸೇವೆಗೂ ವ್ಯತ್ಯಾಸವಿದೆ. ಕೈಹಿಡಿದು ನಡೆಸುವವರು ಎಲ್ಲಿಗೆ ಹೋಗಬೇಕು ಎಂದು ಕೇಳಬೇಕು. ತಾವು ಹೊರಟ ಕಡೆಗೆ ಕರೆದೊಯ್ದು, ನಡೆಸಿದೆವಲ್ಲ ಎಂದರೆ ಏನು ಬಂತು?

ಕಾನೂನು ಈ ವಿಷಯದಲ್ಲಿ ನಮ್ಮ ಮನೆಗಳಿಗಿಂತ ಒಂದು ಹೆಜ್ಜೆ ಮುಂದೆ ನಡೆದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಪಾರ್ಕಿನ್ಸನ್ ಸಹ ಸೇರಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಆ ಮೊಕದ್ದಮೆ ತಂದವರಲ್ಲಿ ಆಸಿಡ್ ದಾಳಿಯಿಂದ ಮುಖ, ಕಣ್ಣುಗಳಿಗೆ ಹಾನಿಯಾದವರು ಇದ್ದರು. ಗುರುತು ಖಚಿತಪಡಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತಿತ್ತು ಯಂತ್ರ. ಮಿಟುಕಿಸಲು ರೆಪ್ಪೆಯೇ ಇಲ್ಲದವಳು ಏನು ಮಾಡಬೇಕು? ಓದಿದ ದಿನ ನನಗೆ ಊಟ ಸೇರಲಿಲ್ಲ. ಸೌಕರ್ಯವನ್ನು ಉಪಕಾರವೆಂದು ಬೇಡಿ ಪಡೆಯುವುದಕ್ಕೂ, ನನ್ನದೆಂದು ಕೇಳುವುದಕ್ಕೂ ಇರುವ ಅಂತರ ಅಂದು ಸ್ಪಷ್ಟವಾಯಿತು.

ಹಾಗೆಂದು ಎಲ್ಲವೂ ಸರಿಹೋಗಿಲ್ಲ. ಒಟಿಪಿಗೆ ತಾಳ್ಮೆಯೆಂಬುದಿಲ್ಲ, ಅತ್ತೆ ನಾಲ್ಕನೆಯ ಅಂಕಕ್ಕೆ ಬರುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತದೆ. ಬೆಳಗಿನ ಗುಳಿಗೆಯ ಪ್ರಭಾವ ಇಳಿಯುವ ಹೊತ್ತಿನಲ್ಲಿ ಯಾವ ಸೆಟ್ಟಿಂಗೂ ಸಾಲದು. ಆಗ ಅವರೇ ಫೋನನ್ನು ಪಕ್ಕಕ್ಕಿಟ್ಟು, ಮಾತ್ರೆ ಕೆಲಸ ಮಾಡಲಿ ಎಂದು ಕಾಯುತ್ತಾರೆ.

ಗುಟ್ಟಿನ ಸಂಖ್ಯೆಯನ್ನು ಕಳೆದ ತಿಂಗಳು ಬದಲಾಯಿಸಿಕೊಂಡರು. ಹೊಸದೇನೆಂದು ಮಗನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಧ್ಯಾಹ್ನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ತಂಗಿಯ ಜೊತೆ ಮಾತನಾಡುತ್ತಾರೆ. ನಗುವುದು ಮಾತ್ರ ಹೊರಗೆ ಕೇಳಿಸುತ್ತದೆ. ಕರೆಂಟ್ ಬಿಲ್ ಕಟ್ಟುವುದನ್ನು ಈಗಲೂ ಮಗನಿಗೇ ಬಿಟ್ಟಿದ್ದಾರೆ. ಅದು ಬಹಳ ಬೇಜಾರಿನ ಕೆಲಸವಂತೆ.