ಕೊನೆಯ ಇರುಳಿನ ಓದು

ಪರೀಕ್ಷೆಯ ಹೊಸ್ತಿಲಲ್ಲಿ ನಿಂತು ಪುಸ್ತಕ ತೆರೆಯುವವರನ್ನು ಕಂಡರೆ ನಮ್ಮ ಹಿರಿಯರು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ನಕ್ಕು ಸುಮ್ಮನಾಗುತ್ತಾರೆ. ಅಲ್ಲಿಗೆ ವಿಚಾರ ಮುಗಿಯಿತು ಎಂಬ ಭಾವ. ಆದರೆ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಹೊರಟ ಗಡಿನಾಡಿನ ಮಕ್ಕಳನ್ನು ಹತ್ತಿರದಿಂದ ನೋಡುತ್ತ ಬಂದಂತೆ, ಕೊನೆಯ ಗಳಿಗೆಯ ಓದು ಎಂಬುದು ಒಂದೇ ಬಗೆಯದಲ್ಲ, ಅದರ ಸರಿತಪ್ಪುಗಳೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ ಎಂದು ನನಗೆ ತೋರಿದೆ.

ತಾಳಮದ್ದಳೆಗೆ ಬಂದ ಅರ್ಥಧಾರಿಯನ್ನು ನೋಡಿ. ಕೂಟಕ್ಕೆ ಕೂರುವ ಅರ್ಧ ಗಂಟೆ ಮುಂಚೆ ಭಾಗವತರ ಪಕ್ಕಕ್ಕೆ ಸರಿದು, ಯಾವ ಯಾವ ಪದ್ಯ ಹಾಡುತ್ತೀರಿ, ಎಲ್ಲಿಗೆ ನಿಲ್ಲಿಸುತ್ತೀರಿ ಎಂದು ಕೇಳಿಕೊಳ್ಳುತ್ತಾನೆ. ಇದೂ ಕೊನೆಯ ಗಳಿಗೆಯ ತಯಾರಿಯೇ. ಆದರೆ ಆ ಅರ್ಧ ಗಂಟೆಯಲ್ಲಿ ಅವನು ಮಹಾಭಾರತ ಕಲಿಯುವುದಿಲ್ಲ. ಕಲಿತದ್ದನ್ನು ಕೈಗೆಟುಕುವಂತೆ ಜೋಡಿಸಿಕೊಳ್ಳುತ್ತಾನೆ. ಜರ್ಮನಿಯ ಎಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ ಅಳೆದು, 1885ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ದೂರವಲ್ಲ. ಒಮ್ಮೆಗೇ ತುಂಬಿಕೊಂಡದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಸೋರಿಹೋಗುತ್ತದೆ. ದಿನಗಳ ಅಂತರವಿಟ್ಟು ಮತ್ತೆ ಮತ್ತೆ ಓದಿದ್ದು ಉಳಿಯುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಸೂತ್ರಗಳ ಪಟ್ಟಿಯ ಮೇಲೆ ಕಣ್ಣಾಡಿಸುವ ಹುಡುಗನನ್ನು ಗದರಿಸಬೇಕಾಗಿಲ್ಲ. ಅದೇ ರಾತ್ರಿ ನಿದ್ದೆ ಬಿಟ್ಟು ಹೊಸ ಅಧ್ಯಾಯ ಹಿಡಿಯುವವನಿಗೆ ಮಾತ್ರ ದೀಪ ಆರಿಸಲು ಹೇಳಬೇಕು. ಅಲ್ಲದೆ ಕೇರಳದ ಪರೀಕ್ಷೆಯಲ್ಲೂ ಕರ್ನಾಟಕದ್ದರಲ್ಲೂ ರ್‍ಯಾಂಕಿನ ಅರ್ಧ ಭಾರ ಪ್ಲಸ್ ಟು ಅಥವಾ ಪಿಯುಸಿ ಅಂಕಗಳ ಮೇಲೆಯೇ ಇದೆ. ಆ ಅರ್ಧ ಮಾರ್ಚಿಯಲ್ಲೇ ಬರೆದು ಮುಗಿದಿರುತ್ತದೆ.

ಕೊನೆಯ ಗಳಿಗೆಯಲ್ಲಿ ವಿದ್ಯೆ ಕೈಬಿಟ್ಟವರಲ್ಲಿ ನಮಗೆ ಮೊದಲು ನೆನಪಾಗುವವನು ಕರ್ಣ. ಅವನ ಓದಿನಲ್ಲಿ ಕೊರತೆಯಿರಲಿಲ್ಲ. ಕಲಿಯುವಾಗ ಗುರುವಿಗೆ ಹೇಳಿದ ಸುಳ್ಳು ಬೇಕಾದಾಗ ಮಂತ್ರವನ್ನು ಮರೆಸಿತು. ನಮ್ಮ ಕೂಟಗಳಲ್ಲಿ ಇದನ್ನು ಹಿಡಿದು ಎಷ್ಟೋ ರಾತ್ರಿ ವಾದ ನಡೆದಿದೆ: ಸುಳ್ಳು ಹೇಳಿಸಿದವರು ಯಾರು? ಕುಲ ಕೇಳಿ ವಿದ್ಯೆ ಕೊಡುವ ಲೋಕವಲ್ಲವೇ? ಪ್ರಮಾಣಪತ್ರ ಕೇಳಿ ಸೀಟು ಕೊಡುವ ನಮ್ಮ ಕಾಲದಲ್ಲೂ ಈ ವಾದ ಹಳತಾಗಿಲ್ಲ. ಮುಂದೆ ಅದಕ್ಕೆ ಬರುತ್ತೇನೆ.

ಊಹೆಯ ಮಾತನ್ನು ಮೊದಲು ಮುಗಿಸೋಣ. 2025ರಲ್ಲಿ ಎರಡು ರಾಜ್ಯಗಳ ಪರೀಕ್ಷೆಗಳೂ ಏಪ್ರಿಲ್ ತಿಂಗಳಲ್ಲೇ ಬಂದವು. ಎರಡನ್ನೂ ಬರೆದ ಮಕ್ಕಳು ನಮ್ಮಲ್ಲಿದ್ದಾರೆ. ಕೇರಳದ್ದರಲ್ಲಿ ಮೂರು ಗಂಟೆಗೆ 150 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಐದು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಮುಟ್ಟುತ್ತ ಹೋದರೆ ಸರಾಸರಿ ಲಾಭ ಸೊನ್ನೆ. ಕರ್ನಾಟಕದ್ದರಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಕಡಿತವಿಲ್ಲ. ಅಲ್ಲಿ ನಾಲ್ಕರಲ್ಲೊಂದನ್ನು ಗುರುತಿಸದೆ ಬಿಟ್ಟವನೇ ನಷ್ಟಪಡುವವನು. ಒಂದೇ ತಿಂಗಳಲ್ಲಿ ಒಂದೇ ಮಗುವಿಗೆ ಒಂದು ರಾಜ್ಯ ‘ಗೊತ್ತಿಲ್ಲದಿದ್ದರೆ ಸುಮ್ಮನಿರು’ ಎಂದು ಕಲಿಸುತ್ತದೆ, ಇನ್ನೊಂದು ‘ಗೊತ್ತಿಲ್ಲದಿದ್ದರೂ ಏನಾದರೂ ಹೇಳು’ ಎನ್ನುತ್ತದೆ. ಊಹಿಸಿದ ಮಗು ಅಪ್ರಾಮಾಣಿಕವೆಂದು ನಾನು ಒಪ್ಪಲಾರೆ. ನಿಯಮ ಬಯಲಲ್ಲೇ ಇದೆ, ಎಲ್ಲರಿಗೂ ಒಂದೇ ಆಗಿದೆ. ಆದರೆ ಕೊನೆಯ ವಾರವನ್ನೆಲ್ಲ ಊಹೆಯ ಉಪಾಯ ಹೇಳಿಕೊಡುವುದರಲ್ಲೇ ಕಳೆಯುವ ಕೋಚಿಂಗ್ ತರಗತಿಗಳ ಬಗ್ಗೆ ನನಗೆ ಗೌರವವಿಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ವನ್‌ಗೆ ಇಂಗ್ಲಿಷಿಗೆ ಬಂದ ಹುಡುಗಿಯ ಕೊನೆಯ ತಿಂಗಳುಗಳು ಬೇರೆಯೇ ಬಗೆಯವು. ವೇಗೋತ್ಕರ್ಷ ಎಂದರೆ ಏನೆಂದು ಅವಳಿಗೆ ಗೊತ್ತು. ವಕ್ರೀಭವನದ ಚಿತ್ರ ಬಿಡಿಸಬಲ್ಲಳು. ಪ್ರಶ್ನೆಪತ್ರಿಕೆಯ ಹೆಸರುಗಳು ಮಾತ್ರ ಬೇರೆ. ಬೇರೆಯವರು ಲೆಕ್ಕ ಬಿಡಿಸುವ ಹೊತ್ತನ್ನು ಅವಳು ತಾನು ಬಲ್ಲುದಕ್ಕೆ ಹೊಸ ಹೆಸರು ಕಟ್ಟುವುದರಲ್ಲಿ ಕಳೆಯುತ್ತಾಳೆ. ದೇಶಮಟ್ಟದ ಜೆಇಇ ಮೈನ್ ಪರೀಕ್ಷೆ 2021ರಿಂದ ಹದಿಮೂರು ಭಾಷೆಗಳಲ್ಲಿ ನಡೆಯುತ್ತಿದೆ, ಕನ್ನಡವೂ ಅವುಗಳಲ್ಲಿ ಒಂದು ಎಂದು ನಾವೆಲ್ಲ ಸಂತೋಷಪಟ್ಟೆವು. ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ. ಕಾಸರಗೋಡಿನಲ್ಲೇ ಕುಳಿತು ಬರೆಯುವವಳಿಗೆ ಅದು ಇಲ್ಲ.

ಇನ್ನು ನನ್ನನ್ನು ನಿಜವಾಗಿ ಕಾಡುವ ವಿಷಯ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು, ಕೊಡವ ಮನೆಮಾತಿನ ಮಕ್ಕಳು ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಸೀಟುಗಳಿಗೆ ಅರ್ಹರು. ಅದಕ್ಕಾಗಿ ಪ್ರತ್ಯೇಕ ದಿನ ಒಂದು ಕನ್ನಡ ಪರೀಕ್ಷೆ ಬರೆಯಬೇಕು. ನಾಲ್ಕನೇ ತರಗತಿಯ ಮಟ್ಟದ್ದು. 50 ಅಂಕಗಳಲ್ಲಿ 12 ಬಂದರೆ ಸಾಕು. ಬಾಲವಾಡಿಯಿಂದಲೇ ಇಂಗ್ಲಿಷ್ ಶಾಲೆಗೆ ಹೋದ ಮಗ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಎರಡು ವರ್ಷ ಕೊಟ್ಟು, ಕನ್ನಡಕ್ಕೆ ಕೊನೆಯ ಎರಡು ಸಂಜೆ ಕೊಡುತ್ತಾನೆ. “ಮಾಷ್ಟ್ರೇ, ಎರಡು ದಿನದಲ್ಲಿ ಒತ್ತಕ್ಷರದವರೆಗೆ ಮಾಡ್ಲಿಕ್ಕೆ ಆದೀತಾ?” ಎಂದು ತಾಯಂದಿರು ಕೇಳುತ್ತಾರೆ. ಆಗುತ್ತದೆ. ಮಾತು ಬಲ್ಲ ಮಕ್ಕಳಿಗೆ ಅಕ್ಷರ ಬೇಗ ಹತ್ತುತ್ತದೆ.

ಹೀಗೆ 12 ಅಂಕ ದಾಟಿದವನು ಆ ಸೀಟಿಗೆ ನ್ಯಾಯವಾಗಿ ಹಕ್ಕುದಾರನೇ? ಹೌದೆನ್ನಲು ಬಲವಾದ ಕಾರಣವಿದೆ. 1956ರಲ್ಲಿ ಎಳೆದ ಗೆರೆಯಿಂದ ಮಕ್ಕಳ ದಾರಿ ಮುಚ್ಚಬಾರದೆಂಬುದೇ ಈ ಅವಕಾಶದ ನ್ಯಾಯ. ಕನ್ನಡದಲ್ಲಿ ಜಾಣನಾದವನಿಗೆ ಕೊಡುವ ಬಹುಮಾನವಲ್ಲ ಅದು. ಮೂರು ವರ್ಷದ ಮಗು ತನ್ನ ಶಾಲೆಯನ್ನು ತಾನೇ ಆರಿಸಿಕೊಂಡಿರಲಿಲ್ಲ. ಕರ್ಣನ ವಿಷಯದಲ್ಲಿ ನಾವು ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕಾಗುತ್ತದೆ: ಹದಿಮೂರು ಹದಿನಾಲ್ಕು ವರ್ಷ ‘ಕನ್ನಡ ಯಾಕೆ?’ ಎನ್ನುತ್ತಿದ್ದು, ಕೊನೆಗೆ ಮಾತೃಭಾಷೆಯ ಕಾಲಮಿನ ಕೆಳಗೆ ರುಜು ಹಾಕುವ ಕೈ ಯಾರದು?

ಆದರೂ ನನ್ನ ಮನಸ್ಸು ಪೂರ್ತಿ ಸಮಾಧಾನವಾಗುವುದಿಲ್ಲ. ಆ ಕನ್ನಡ ಪರೀಕ್ಷೆಯಲ್ಲಿ 12 ತೆಗೆದವನೂ 48 ತೆಗೆದವಳೂ ಒಂದೇ. ರ್‍ಯಾಂಕು ನಿರ್ಧಾರವಾಗುವುದು ಉಳಿದ ವಿಷಯಗಳಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಓದಿ, ಕೊನೆಯ ತಿಂಗಳುಗಳನ್ನು ಹೆಸರು ಬದಲಿಸುವುದರಲ್ಲಿ ಕಳೆದ ಹುಡುಗಿ ಅದೇ ಸಾಲಿನಲ್ಲಿ ಅವನ ಹಿಂದೆ ನಿಂತಿರುತ್ತಾಳೆ. ಯಾವ ಭಾಷೆಯ ಹೆಸರಿನಲ್ಲಿ ಸಾಲು ಹುಟ್ಟಿತೋ ಆ ಭಾಷೆಯನ್ನು ಉಳಿಸಿಕೊಂಡವಳಿಗೇ ಅದು ಭಾರವಾಯಿತು. 12 ಅಂಕವನ್ನು 30ಕ್ಕೆ ಏರಿಸಿದರೆ ಸರಿಹೋದೀತೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಟ್ಯೂಷನ್ ಕೊಡಿಸಬಲ್ಲವರು 30ನ್ನೂ ನಾಲ್ಕು ಸಂಜೆಯಲ್ಲಿ ದಾಟಿಸುತ್ತಾರೆ, ತಪ್ಪಿಬೀಳುವುದು ಹತ್ತಿರದಲ್ಲಿ ಕನ್ನಡ ಶಾಲೆಯಿಲ್ಲದ ತುಳು ಮನೆಯ ಮಗು. ಕನ್ನಡ ಮಾಧ್ಯಮದಲ್ಲಿ ಓದಿದ ವರ್ಷಗಳಿಗೆ ಏನಾದರೂ ತೂಕ ಕೊಡುವುದು ಹೆಚ್ಚು ನ್ಯಾಯವಾದೀತು. ಅದಕ್ಕೆ ಎರಡು ಸಂಜೆಯ ಓದಿನಿಂದ ಸಮನಾಗಲು ಯಾರಿಗೂ ಸಾಧ್ಯವಿಲ್ಲ.

ಈ ಮಾತನ್ನು ಒಬ್ಬ ತಾಯಿಯ ಮುಂದೆ ಹೇಳಿದೆ. “ಹಾಗಾದರೆ ನನ್ನ ಮಗನಿಗೆ ಸಿಗಲಿಕ್ಕಿಲ್ಲವಲ್ಲ ಮಾಷ್ಟ್ರೇ” ಎಂದರು. “ಸಿಗಲಿಕ್ಕಿಲ್ಲ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆ ಐದಕ್ಕೆ ಅವನನ್ನು ಕಳಿಸಲೇ ಎಂದು ಕೇಳಿದರು. ಕಳಿಸಿ ಎಂದೆ.